ಡಿವಿಆರ್ ಆನ್ ಆಗುತ್ತಿಲ್ಲ ಎಂದರೆ ಅದು ಎಲ್ಲಿ ನಿಂತಿದೆ

ಬೆಂಗಳೂರಿನ ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಿಸಿಟಿವಿಯ ಡಿವಿಆರ್, ಅಂದರೆ ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸುವ ಯಂತ್ರ, ಇರುವುದು ಮೆಟ್ಟಿಲಿನ ಕೆಳಗೆ, ಮೀಟರ್ ಬೋರ್ಡಿನ ಮಗ್ಗುಲಿಗೆ ಗೋಡೆಗೆ ಹೊಡೆದ ಒಂದು ತಗಡಿನ ಪೆಟ್ಟಿಗೆಯೊಳಗೆ. ಮೇ ತಿಂಗಳಿನ ಒಂದು ಸಂಜೆ ಗುಡುಗಿನ ಮಳೆಗೆ ಕರೆಂಟು ಮೂರು ನಾಲ್ಕು ಬಾರಿ ಹೋಗಿ ಬಂದು ಮಾಡಿದ ಮೇಲೆ ಅದು ಏಳಲಿಲ್ಲ. ಕರೆಸಿದ ರಿಪೇರಿಯವರು ಪ್ಲಗ್ಗನ್ನು ಒಮ್ಮೆ ಅಲುಗಾಡಿಸಿ, ಮಲ್ಟಿಮೀಟರಿನಲ್ಲಿ ಅಡಾಪ್ಟರನ್ನು ಅಳೆದು, "ಹನ್ನೆರಡು ವೋಲ್ಟ್ ಸರಿಯಾಗಿ ಬರ್ತಾ ಇದೆ, ಅಂದ್ರೆ ಒಳಗಿನ ಬೋರ್ಡೇ ಹೋಗಿದೆ, ಹೊಸದು ಹಾಕಿಸಿಬಿಡಿ" ಎಂದರು. ಅವರ ಅಳತೆ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಮಾರನೆಯ ದಿನ ಅದೇ ಡಿವಿಆರ್, ಅದೇ ಹಾರ್ಡ್ ಡಿಸ್ಕಿನೊಡನೆ, ಬೇರೊಂದು ಅಡಾಪ್ಟರಿನಿಂದ ಎದ್ದು ಕೂತಿತು. ಹನ್ನೆರಡು ವೋಲ್ಟ್ ಕೊಡುತ್ತಿದ್ದ ಅಡಾಪ್ಟರೇ ಹೇಗೆ ತಪ್ಪಿತಸ್ಥನಾಗಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾದರೆ, ಈ ಯಂತ್ರ ಏಳುವ ಬಗೆಯನ್ನು ಮೊದಲು ನೋಡಬೇಕು.

ಆನ್ ಆಗುತ್ತಿಲ್ಲ ಎಂಬುದು, ಜ್ವರ ಬಂದಿದೆ ಎಂಬ ಮಾತಿನಂತೆ, ಲಕ್ಷಣವೇ ಹೊರತು ಕಾಯಿಲೆಯ ಹೆಸರಲ್ಲ. ಒಂದು ದೀಪವೂ ಹೊತ್ತದೆ ಕಲ್ಲಿನಂತೆ ಬಿದ್ದಿರುವ ಡಿವಿಆರನ್ನೂ, ದೀಪವೆಲ್ಲ ಹೊತ್ತಿ ಟಿವಿಯಲ್ಲಿ ಮಾತ್ರ ಏನೂ ಕಾಣಿಸದ ಡಿವಿಆರನ್ನೂ, ತಯಾರಕರ ಲಾಂಛನ ತೋರಿಸಿ ಅಲ್ಲೇ ನಿಂತುಬಿಡುವುದನ್ನೂ, ಎರಡು ನಿಮಿಷಕ್ಕೊಮ್ಮೆ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುವುದನ್ನೂ ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಈ ನಾಲ್ಕಕ್ಕೂ ಕಾರಣಗಳು ಬೇರೆ, ಮದ್ದು ಬೇರೆ, ತಗಲುವ ಖರ್ಚಂತೂ ಬಹಳ ಬೇರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಏನು ಕೆಟ್ಟಿದೆ ಎಂಬುದಕ್ಕಿಂತ ಮೊದಲು, ಏಳುವ ದಾರಿಯಲ್ಲಿ ಯಂತ್ರ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು.

ಡಿವಿಆರ್ ಎಂದರೆ ಡಿಜಿಟಲ್ ವಿಡಿಯೋ ರೆಕಾರ್ಡರ್. ಹೆಸರು ಏನೇ ಇದ್ದರೂ ಒಳಗಿರುವುದು ಒಂದು ಸಣ್ಣ ಕಂಪ್ಯೂಟರೇ. ಗೋಡೆಯ 230 ವೋಲ್ಟಿನ ಎಸಿ ವಿದ್ಯುತ್ತನ್ನು ಅಡಾಪ್ಟರ್ 12 ವೋಲ್ಟಿನ ಡಿಸಿಗೆ ಇಳಿಸುತ್ತದೆ. ಆ 12 ವೋಲ್ಟ್ ಬೋರ್ಡಿನೊಳಕ್ಕೆ ಬಂದು, ಅಲ್ಲಿನ ಪುಟ್ಟ ಪರಿವರ್ತಕಗಳ ಮೂಲಕ 5 ವೋಲ್ಟ್, 3.3 ವೋಲ್ಟ್ ಮತ್ತು ಪ್ರೊಸೆಸರಿನ ಒಡಲಿಗೆ ಬೇಕಾದ ಸುಮಾರು 1 ವೋಲ್ಟ್ ಆಗಿ ಕವಲೊಡೆಯುತ್ತದೆ. ಈ ಎಲ್ಲ ವೋಲ್ಟೇಜುಗಳೂ ಸರಿಯಾಗಿ ನಿಂತ ಮೇಲೆ ಪ್ರೊಸೆಸರ್ ಎಚ್ಚರಗೊಂಡು, ಎಂಟು ಕಾಲಿನ ಒಂದು ಸಣ್ಣ ಫ್ಲ್ಯಾಷ್ ಚಿಪ್ಪಿನಲ್ಲಿ ಬರೆದಿಟ್ಟಿರುವ, ಯಂತ್ರವನ್ನು ಮೊದಲು ಎಬ್ಬಿಸುವ ಪುಟ್ಟ ತಂತ್ರಾಂಶವಾದ ಬೂಟ್‌ಲೋಡರನ್ನು ಓದುತ್ತದೆ; ಬೂಟ್‌ಲೋಡರು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಎಬ್ಬಿಸುತ್ತದೆ; ಲಿನಕ್ಸಿನ ಮೇಲೆ ತಯಾರಕರ ತಂತ್ರಾಂಶ ಓಡತೊಡಗುತ್ತದೆ; ಅದು ಹಾರ್ಡ್ ಡಿಸ್ಕನ್ನು ಗುರುತಿಸಿ, ಕ್ಯಾಮೆರಾ ತಂತಿಗಳನ್ನು ತಡಕಿ, ಕೊನೆಗೆ ಪರದೆಯ ಮೇಲೆ ಚಿತ್ರಗಳನ್ನು ಹರಡುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ಒಂದರಿಂದ ಎರಡು ನಿಮಿಷ ಹಿಡಿಯುತ್ತದೆ, ಹಾಗಾಗಿ ಅರ್ಧ ನಿಮಿಷಕ್ಕೇ ತಾಳ್ಮೆಗೆಟ್ಟು ಸ್ವಿಚ್ಚನ್ನು ಆರಿಸಿ ಹಾಕಿ ಮಾಡುವವರಿಗೆ ಯಂತ್ರ ಎಂದೂ ಎದ್ದಂತೆ ಕಾಣುವುದಿಲ್ಲ.

ಮೊದಲಿಗೆ ಎರಡು ಸುಳ್ಳು ದೂರುಗಳನ್ನು ಬದಿಗಿಡುವುದು ಒಳ್ಳೆಯದು. ಕ್ಯಾಮೆರಾಗಳಿಗೆ ವಿದ್ಯುತ್ತು ಸಾಮಾನ್ಯವಾಗಿ ಡಿವಿಆರಿನಿಂದ ಹೋಗುವುದಿಲ್ಲ. ಅವಕ್ಕೆ ಎಸ್‌ಎಂಪಿಎಸ್ ಎಂದು ಕರೆಯುವ ಬೇರೆಯೇ ಒಂದು ಡಬ್ಬಿ ಇರುತ್ತದೆ. ಅದು ಸುಟ್ಟರೆ ಪರದೆಯಲ್ಲಿ ಎಲ್ಲ ಚೌಕಗಳೂ ಒಟ್ಟಿಗೆ ಕಪ್ಪಾಗುತ್ತವೆ, ಆದರೆ ಮೂಲೆಯ ದಿನಾಂಕ ಮತ್ತು ಗಡಿಯಾರ ಓಡುತ್ತಲೇ ಇರುತ್ತದೆ. ಗಡಿಯಾರ ಓಡುತ್ತಿದ್ದರೆ ಡಿವಿಆರ್ ಎದ್ದಿದೆ ಎಂದೇ ಅರ್ಥ. ಇನ್ನೊಂದು ದೂರು ಪರದೆಯದು. ಹೊಸ ಡಿವಿಆರುಗಳ ಎಚ್‌ಡಿಎಂಐ ಔಟ್‌ಪುಟ್ಟನ್ನು ಯಾರಾದರೂ 4ಕೆ ರೆಸಲ್ಯೂಷನ್ನಿಗೆ ಹೊಂದಿಸಿಟ್ಟಿದ್ದರೆ, ಹಳೆಯ ಮಾನಿಟರ್ ಅದನ್ನು ಹಿಡಿಯಲಾರದೆ ಸಿಗ್ನಲ್ ಇಲ್ಲ ಎಂದು ಹೇಳಿ ಮಲಗಿಬಿಡುತ್ತದೆ. ಮುಂಭಾಗದ ದೀಪ ಹೊತ್ತಿದ್ದು, ಹಿಂದೆ ನೆಟ್‌ವರ್ಕ್ ತಂತಿ ಸೇರುವಲ್ಲಿ ಸಣ್ಣ ದೀಪಗಳು ಮಿನುಗುತ್ತಿದ್ದು, ಮೊಬೈಲಿನ ಆ್ಯಪಿನಲ್ಲಿ ಚಿತ್ರ ಬರುತ್ತಿದ್ದರೆ, ಮನೆಯ ದೊಡ್ಡ ಟಿವಿಯನ್ನೋ ವಿಜಿಎ ತಂತಿಯನ್ನೋ ಹಚ್ಚಿ ನೋಡಿದರೆ ಸಾಕು. ಹಾಗೆಯೇ ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗುವ ಡಿವಿಆರ್ ಸತ್ತಿಲ್ಲ. ಪೂರ್ತಿ ಎದ್ದು, ತನ್ನ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಎಂದು ಅದು ಕೂಗುತ್ತಿರುವುದೇ ಹೆಚ್ಚು.

ಇನ್ನು ಅಡಾಪ್ಟರಿನ ವಿಷಯ. ಏಳದ ಡಿವಿಆರುಗಳ ಕತೆ ಹೆಚ್ಚಿನ ಸಲ ಇಲ್ಲೇ ಮುಗಿಯುತ್ತದೆಯಾದ್ದರಿಂದ ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ವ್ಯರ್ಥವಲ್ಲ.

ನಾಲ್ಕು ಅಥವಾ ಎಂಟು ಕ್ಯಾಮೆರಾಗಳ, ಒಂದೇ ಡಿಸ್ಕಿನ ಡಿವಿಆರಿಗೆ ಸಾಮಾನ್ಯವಾಗಿ 12 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಕೊಟ್ಟಿರುತ್ತಾರೆ. ಒಳಗಿನ 3.5 ಅಂಗುಲದ ಹಾರ್ಡ್ ಡಿಸ್ಕು ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಲೋಹದ ಅಥವಾ ಗಾಜಿನ ತಟ್ಟೆಗಳ ಯಂತ್ರ. ನಿಂತಲ್ಲಿಂದ ತಿರುಗತೊಡಗುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದು 12 ವೋಲ್ಟಿನ ತಂತಿಯಿಂದ ಒಂದೂವರೆಯಿಂದ ಎರಡು ಆಂಪಿಯರಿನಷ್ಟು ಎಳೆಯುತ್ತದೆ. ವೇಗ ಹಿಡಿದ ಮೇಲೆ ಅರ್ಧ ಆಂಪಿಯರಿಗಿಂತ ಕಡಿಮೆ ಸಾಕಾಗುತ್ತದೆ. ಒರಳುಕಲ್ಲಿನ ಗುಂಡನ್ನು ಮೊದಲ ಸುತ್ತು ತಿರುಗಿಸುವವರ ತೋಳಿಗೆ ಗೊತ್ತಿರುವ ಲೆಕ್ಕವಿದು: ಮೊದಲ ಸುತ್ತಿನದೇ ಕಷ್ಟ, ಆಮೇಲೆ ಅದು ತಾನಾಗಿ ಉರುಳುತ್ತದೆ. ಬೋರ್ಡಿನ ಸ್ವಂತ ಖರ್ಚನ್ನೂ ಇದಕ್ಕೆ ಕೂಡಿಸಿದರೆ, ಹೊಸ ಅಡಾಪ್ಟರಿಗೂ ಉಳಿಕೆಯೆಂಬುದು ಹೆಚ್ಚೇನೂ ಇರುವುದಿಲ್ಲ. ಹಳೆಯ ಅಡಾಪ್ಟರಿಗೆ ಆ ಹೊತ್ತಿನಲ್ಲಿ ಉಸಿರು ಕಟ್ಟುತ್ತದೆ.

ಅಡಾಪ್ಟರ್ ಹಳೆಯದಾಗುವುದು ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿಂದ. ಅವು ವೋಲ್ಟೇಜಿನ ಏರಿಳಿತವನ್ನು ಸಮ ಮಾಡುವ ಸಣ್ಣ ಡಬ್ಬಿಗಳು. ಒಳಗೆ ದ್ರವರೂಪದ ಎಲೆಕ್ಟ್ರೊಲೈಟ್ ಇದ್ದು, ಬಿಸಿಗೆ ಅದು ನಿಧಾನವಾಗಿ ಒಣಗುತ್ತದೆ. ತಾಪಮಾನ 10 ಡಿಗ್ರಿ ಏರಿದಂತೆಲ್ಲ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಒರಟು ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆ ಎಂದು ಗುರುತಿಸಿದ ಸಾಧಾರಣ ಕೆಪಾಸಿಟರು 65 ಡಿಗ್ರಿಯಲ್ಲಿ ಅದರ ಹದಿನಾರು ಪಟ್ಟು, ಅಂದರೆ 32,000 ಗಂಟೆ ಬಾಳೀತು. ಕೇಳಲು ಇದು ದೊಡ್ಡ ಸಂಖ್ಯೆ. ಆದರೆ ಡಿವಿಆರಿಗೆ ಭಾನುವಾರವೂ ಇಲ್ಲ, ರಾತ್ರಿಯೂ ಇಲ್ಲ. ವರ್ಷಕ್ಕೆ 8,760 ಗಂಟೆಯಂತೆ ಓಡಿದರೆ 32,000 ಗಂಟೆ ಎಂಬುದು ನಾಲ್ಕು ವರ್ಷದೊಳಗೇ ಮುಗಿದುಹೋಗುತ್ತದೆ. ಗಾಳಿಯಾಡದ ತಗಡಿನ ಪೆಟ್ಟಿಗೆಯಲ್ಲಿ, ಡಿವಿಆರಿನ ಬೆನ್ನ ಮೇಲೆಯೇ ಮಲಗಿಸಿಟ್ಟ ಅಡಾಪ್ಟರು 65 ಡಿಗ್ರಿ ಮುಟ್ಟುವುದು ದೊಡ್ಡ ವಿಷಯವೇನಲ್ಲ.

ಒಣಗಿದ ಕೆಪಾಸಿಟರಿನ ಅಡಾಪ್ಟರನ್ನು ಬರಿದಾಗಿ ಅಳೆದರೆ ಮೀಟರು 12 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ಮೀಟರು ಅದರಿಂದ ಏನನ್ನೂ ಎಳೆಯುವುದಿಲ್ಲ. ಕೂತಲ್ಲಿ ಕೂತು ಎಷ್ಟು ಮೂಟೆ ಹೊರಬಲ್ಲೆ ಎಂದು ಕೇಳಿದರೆ ಯಾವ ಹಮಾಲಿಯೂ ಹತ್ತು ಎಂದಾನು. ಹೊರಿಸಿ ನೋಡಬೇಕು. ನಮ್ಮ ಅಡಾಪ್ಟರಿನ ಮೇಲೆ ನಾನು ಮಾಡಿದ್ದು ಇಷ್ಟೇ: ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಒಂದು ಬಲ್ಬು ತಂದು, ಅದಕ್ಕೆ ಎರಡು ತಂತಿ ಬೆಸೆದು, ಡಿಸಿ ಜ್ಯಾಕಿನ ಮೂಲಕ ಅಡಾಪ್ಟರಿಗೆ ಸೇರಿಸಿದೆ. 21ನ್ನು 12ರಿಂದ ಭಾಗಿಸಿದರೆ 1.75 ಆಂಪಿಯರ್, ಹಾರ್ಡ್ ಡಿಸ್ಕು ಏಳುವಾಗ ಎಳೆಯುವುದಕ್ಕೆ ಬಹಳ ಹತ್ತಿರದ ಸಂಖ್ಯೆ. ಬಲ್ಬಿಲ್ಲದೆ 12.1 ತೋರಿಸುತ್ತಿದ್ದ ಮೀಟರು, ಬಲ್ಬು ಮಂಕಾಗಿ ಕೆಂಪಗೆ ಹೊತ್ತುತ್ತಿದ್ದಂತೆ 8.4ಕ್ಕೆ ಜಾರಿತು, ಒಂದು ಕ್ಷಣ ಸೊನ್ನೆಗೆ ಹೋಯಿತು, ಮತ್ತೆ ಏರಿತು, ಮತ್ತೆ ಜಾರಿತು. ಅಡಾಪ್ಟರಿಗೆ ಕಿವಿ ಕೊಟ್ಟರೆ ಒಳಗಿನಿಂದ ಟಿಕ್ ಟಿಕ್ ಎಂಬ ಬಲು ಸಣ್ಣ ಸದ್ದು. ಹೊರಲಾರದ ಭಾರ ಬಿದ್ದಾಗ ತನ್ನನ್ನು ತಾನೇ ಆರಿಸಿಕೊಂಡು, ಅರೆಕ್ಷಣ ಬಿಟ್ಟು ಮತ್ತೆ ಪ್ರಯತ್ನಿಸುವ ರಕ್ಷಣಾಕ್ರಮದ ಸದ್ದು ಅದು. ಆರೋಗ್ಯವಾಗಿರುವ ಅಡಾಪ್ಟರು ಇದೇ ಬಲ್ಬಿಗೆ ಆರಂಭದಲ್ಲಿ ಒಮ್ಮೆ ತಡವರಿಸಬಹುದು, ಏಕೆಂದರೆ ತಣ್ಣನೆಯ ತಂತುವು ಮೊದಲ ಕ್ಷಣದಲ್ಲಿ ಹೆಚ್ಚು ಎಳೆಯುತ್ತದೆ. ಆದರೆ ಕೂಡಲೇ ಚೇತರಿಸಿಕೊಂಡು ಹನ್ನೊಂದೂವರೆಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಬಲ್ಬು ಸಿಗುವ ಜೆ.ಸಿ. ರೋಡೂ ಅಡಾಪ್ಟರು ಸಿಗುವ ಎಸ್.ಪಿ. ರೋಡೂ ಒಂದರ ಪಕ್ಕ ಒಂದು ಇರುವುದರಿಂದ, ಈ ಪರೀಕ್ಷೆಗೆ ಬೆಂಗಳೂರಿನಷ್ಟು ಅನುಕೂಲವಾದ ಊರು ಇನ್ನೊಂದಿರಲಾರದು. ಮಲ್ಟಿಮೀಟರೇ ಇಲ್ಲದವರು ಪಕ್ಕದ ಮನೆಯ ಡಿವಿಆರಿನ ಅಡಾಪ್ಟರನ್ನು ಹತ್ತು ನಿಮಿಷಕ್ಕೆ ಸಾಲ ತಂದು ಹಾಕಿ ನೋಡಿದರೂ ಅಷ್ಟೇ ಖಚಿತವಾದ ಉತ್ತರ ಸಿಗುತ್ತದೆ.

ಅಡಾಪ್ಟರನ್ನು ಬಿಚ್ಚಲು ಮಾತ್ರ ಹೋಗಬಾರದು. 230 ವೋಲ್ಟಿನ ಎಸಿಯನ್ನು ಡಿಸಿಗೆ ತಿರುಗಿಸಿದಾಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಕೆಲ ಹೊತ್ತು ಅಲ್ಲೇ ಉಳಿಯಬಹುದು. ಬದಲಿ ಅಡಾಪ್ಟರು ಕೊಳ್ಳುವಾಗ ವೋಲ್ಟು ಅದೇ 12 ಇರಬೇಕು. ಆಂಪಿಯರು ಹಳೆಯದರಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ಆಂಪಿಯರು ಜಾಸ್ತಿಯಾದರೆ ಡಿವಿಆರ್ ಸುಡುತ್ತದೆ ಎಂದು ಅಂಗಡಿಯವರೇ ಕೆಲವೊಮ್ಮೆ ಹೆದರಿಸುತ್ತಾರೆ, ಅದು ಸುಳ್ಳು: ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ನಾನು 12 ವೋಲ್ಟ್, 3 ಆಂಪಿಯರಿನದನ್ನು ತಂದೆ. ಸುಡುವುದು ವೋಲ್ಟು ಜಾಸ್ತಿಯಾದಾಗ. ಲ್ಯಾಪ್‌ಟಾಪಿನ 19 ವೋಲ್ಟಿನ ಪಿನ್ನು ಡಿವಿಆರಿನ ತೂತಿಗೆ ಕೆಲವೊಮ್ಮೆ ಹೇಗೋ ಕೂತುಬಿಡುತ್ತದೆ. ನೆಟ್‌ವರ್ಕ್ ತಂತಿಯಲ್ಲಿ ಚಿತ್ರ ಕಳಿಸುವ ಐಪಿ ಕ್ಯಾಮೆರಾಗಳ ರೆಕಾರ್ಡರಾದ ಎನ್‌ವಿಆರಿಗೆ ಕೆಲವೊಮ್ಮೆ ಬರುವ 48 ವೋಲ್ಟಿನ ಅಡಾಪ್ಟರಂತೂ ಇನ್ನೂ ಅಪಾಯಕಾರಿ. ಪಿನ್ನಿನ ಹೊರ ವ್ಯಾಸ ಸಾಮಾನ್ಯವಾಗಿ 5.5 ಮಿಲಿಮೀಟರ್, ನಡುವಿನ ತೂತು 2.1 ಅಥವಾ 2.5 ಮಿಲಿಮೀಟರ್, ಈ ಅರ್ಧ ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸದಿಂದಾಗಿ ಪಿನ್ನು ಸಡಿಲವಾಗಿ ಕೂತು, ಲಾರಿ ಹೋದರೂ ಡಿವಿಆರ್ ಆರುವ ಪರಿಸ್ಥಿತಿ ಬರುವುದುಂಟು. ನಡುವೆ ಪ್ಲಸ್, ಹೊರಗೆ ಮೈನಸ್ ಎಂಬ ಗುರುತನ್ನು ಡಿವಿಆರಿನ ಹಿಂಭಾಗದ ಚೀಟಿಯೊಂದಿಗೆ ಹೋಲಿಸಿಯೇ ಚುಚ್ಚಬೇಕು.

ಒಳ್ಳೆಯ ಅಡಾಪ್ಟರು ಹಾಕಿದ ಮೇಲೂ ಏಳಲಿಲ್ಲವೆಂದರೆ, ಮುಂದಿನ ಹೆಜ್ಜೆ ಯಂತ್ರದ ಮೈಮೇಲಿನ ಭಾರವನ್ನೆಲ್ಲ ಇಳಿಸುವುದು. ಮೌಸ್, ಪೆನ್‌ಡ್ರೈವ್, ನೆಟ್‌ವರ್ಕ್ ತಂತಿ, ಎಚ್‌ಡಿಎಂಐ, ಕ್ಯಾಮೆರಾಗಳಿಂದ ಬರುವ ಬಿಎನ್‌ಸಿ ತಂತಿಗಳು, ಎಲ್ಲವನ್ನೂ ಕಿತ್ತು, ಬರೀ ಅಡಾಪ್ಟರನ್ನು ಮಾತ್ರ ಸೇರಿಸಿ ಮುಂಭಾಗದ ದೀಪ ನೋಡಬೇಕು. ಕಿತ್ತ ತಂತಿಗಳಿಗೆ ಮೊದಲೇ ಅಂಟುಚೀಟಿ ಹಚ್ಚಿ ಸಂಖ್ಯೆ ಬರೆದಿಟ್ಟುಕೊಳ್ಳದಿದ್ದರೆ, ಆಮೇಲೆ ಗೇಟಿನ ಕ್ಯಾಮೆರಾ ಯಾವುದು, ಲಿಫ್ಟಿನದು ಯಾವುದು ಎಂದು ಅರ್ಧ ದಿನ ಹುಡುಕಬೇಕಾಗುತ್ತದೆ. ಮೌಸಿನ ತಂತಿಯನ್ನು ಇಲಿ ಕಡಿದು ಒಳಗಿನ ಎಳೆಗಳು ಒಂದಕ್ಕೊಂದು ತಾಗಿದ್ದರೆ, ಯುಎಸ್‌ಬಿಯ 5 ವೋಲ್ಟೇ ಕುಸಿದು ಇಡೀ ಬೋರ್ಡು ಮೇಲೇಳದಿರಬಹುದು. ಕ್ಯಾಮೆರಾ ತಂತಿಗಳ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮಲ್ಲಿ ಹೆಚ್ಚು ಬಳಸುವ ತ್ರೀ ಪ್ಲಸ್ ಒನ್ ಕೇಬಲ್ಲಿನಲ್ಲಿ ವಿಡಿಯೋ ತಂತಿಯೂ ಕ್ಯಾಮೆರಾಗೆ ಹೋಗುವ 12 ವೋಲ್ಟಿನ ಎಳೆಗಳೂ ಒಂದೇ ಕವಚದೊಳಗೆ ಇರುತ್ತವೆ. ಟೆರೇಸಿನ ಮೇಲೆ ಟೇಪು ಸುತ್ತಿದ ಜಾಯಿಂಟಿಗೆ ಮಳೆನೀರು ಇಳಿದರೆ, ಕ್ಯಾಮೆರಾಗೆ ಹೋಗಬೇಕಾದ 12 ವೋಲ್ಟು ವಿಡಿಯೋ ಎಳೆಯ ಮೂಲಕ ಹಿಮ್ಮುಖವಾಗಿ ಡಿವಿಆರಿನ ಸೂಕ್ಷ್ಮ ಚಿಪ್ಪಿನೊಳಕ್ಕೆ ಇಳಿಯುತ್ತದೆ. ಸಿಡಿಲಿನ ಸಮಯದಲ್ಲಿ ಇದೇ ಉದ್ದನೆಯ ತಂತಿಗಳು ಆಂಟೆನಾದಂತೆ ವರ್ತಿಸಿ ಕ್ಷಣಿಕ ಹೈವೋಲ್ಟೇಜನ್ನು ಹೊತ್ತು ತರುತ್ತವೆ. ತಂತಿಗಳನ್ನೆಲ್ಲ ಕಿತ್ತಾಗ ಡಿವಿಆರ್ ಎದ್ದರೆ, ಒಂದೊಂದನ್ನೇ ಹಿಂದಕ್ಕೆ ಚುಚ್ಚುತ್ತ ಬಂದು, ಯಾವುದನ್ನು ಚುಚ್ಚಿದಾಗ ಮತ್ತೆ ಮಲಗಿತು ಎಂದು ನೋಡಬೇಕು.

ಹೊರಗಿನದೆಲ್ಲ ಕಿತ್ತರೂ ಪ್ರಯೋಜನವಾಗದಿದ್ದರೆ ಉಳಿದಿರುವ ದೊಡ್ಡ ಭಾರ ಒಳಗಿನ ಹಾರ್ಡ್ ಡಿಸ್ಕು. ಪ್ಲಗ್ಗನ್ನು ಕಿತ್ತು, ಮೇಲಿನ ಮುಚ್ಚಳದ ತಿರುಪುಗಳನ್ನು ಬಿಚ್ಚಿ, ಡಿಸ್ಕಿಗೆ ಹೋಗುವ ಎರಡು ತಂತಿಗಳನ್ನೂ, ಅಂದರೆ ವಿದ್ಯುತ್ತಿನದನ್ನೂ ಮಾಹಿತಿಯದನ್ನೂ, ಕಿತ್ತು ಮತ್ತೆ ಆನ್ ಮಾಡಬೇಕು. ಡಿಸ್ಕಿಲ್ಲದೆಯೂ ಡಿವಿಆರ್ ಪೂರ್ತಿ ಏಳಬಲ್ಲದು. ನೇರ ಚಿತ್ರ ತೋರಿಸುತ್ತದೆ, ದಾಖಲು ಮಾತ್ರ ಮಾಡುವುದಿಲ್ಲ. ಹಾಗಾಗಿ ಇದು ಏನನ್ನೂ ಕಳೆದುಕೊಳ್ಳದೆ ಮಾಡಬಹುದಾದ ಪರೀಕ್ಷೆ, ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಅತ್ಯಂತ ಹೆಚ್ಚು ಸಂಗತಿಗಳನ್ನು ಒಂದೇ ಏಟಿಗೆ ಹೇಳುವ ಪರೀಕ್ಷೆ. ಡಿಸ್ಕು ಕಿತ್ತಾಗ ಎದ್ದರೆ ದೋಷವಿರುವುದು ಡಿಸ್ಕಿನಲ್ಲಿ ಅಥವಾ ಅದರ ಭಾರ ತಾಳದ ಅಡಾಪ್ಟರಿನಲ್ಲಿ, ಬೋರ್ಡಿನಲ್ಲಿ ಇರುವ ಸಾಧ್ಯತೆ ಕಡಿಮೆ. ನಮ್ಮ ರಿಪೇರಿಯವರು ಈ ಒಂದು ಕೆಲಸ ಮಾಡಿದ್ದರೆ ಬೋರ್ಡಿನ ಮೇಲೆ ಅಪವಾದ ಬರುತ್ತಿರಲಿಲ್ಲ. ಡಿಸ್ಕು ತಿರುಗತೊಡಗಿ, ಟಕ್ ಟಕ್ ಎಂದು ಲಯಬದ್ಧವಾಗಿ ಬಡಿದು, ನಿಂತುಹೋಗುತ್ತಿದ್ದರೆ, ಅದರ ಓದುವ ತಲೆ ದಾರಿ ತಪ್ಪಿದೆ ಎಂಬುದರ ಸೂಚನೆ. ಅದನ್ನು ಪದೇ ಪದೇ ಆನ್ ಮಾಡುವುದರಿಂದ ಒಳಗಿನ ತಟ್ಟೆಗೆ ಗೀರು ಬಿದ್ದು ಉಳಿದ ದೃಶ್ಯಗಳೂ ಹೋಗುತ್ತವೆ.

ಮುಚ್ಚಳ ಹೇಗೂ ತೆಗೆದಿರುತ್ತದೆಯಾದ್ದರಿಂದ ಒಳಗೆ ಒಮ್ಮೆ ಟಾರ್ಚು ಹಿಡಿದು ನೋಡುವುದು ಒಳ್ಳೆಯದು. ಬೆಚ್ಚಗಿರುವ, ಕತ್ತಲಿನ, ಯಾರೂ ಮುಟ್ಟದ ಜಾಗವೆಂದರೆ ಜಿರಳೆಗೂ ಹಲ್ಲಿಗೂ ಬಾಡಿಗೆಯಿಲ್ಲದ ಮನೆ. ನಮ್ಮ ಡಿವಿಆರಿನೊಳಗೆ ಫ್ಯಾನಿನ ರೆಕ್ಕೆಗಳ ನಡುವೆ ಬೂದುಬಣ್ಣದ ದೂಳು ಬತ್ತಿಯಂತೆ ಹೆಣೆದುಕೊಂಡಿತ್ತು, ಬೋರ್ಡಿನ ಅಂಚಿನಲ್ಲಿ ಒಂದು ಜಿರಳೆಯ ಒಣ ಚಿಪ್ಪು, ಅದರ ಸುತ್ತ ಮೆಣಸಿನ ಪುಡಿ ಚೆಲ್ಲಿದ ಹಾಗೆ ಹಿಕ್ಕೆ. ಹಿಕ್ಕೆಯಲ್ಲಿನ ತೇವ ಮತ್ತು ಲವಣ ತಾಮ್ರದ ಗೆರೆಗಳನ್ನು ಹಸಿರುಗಟ್ಟಿಸಿ ತಿನ್ನುತ್ತದೆ. ಮೃದುವಾದ ಬ್ರಷ್ಷಿನಿಂದ ಒಣದಾಗಿಯೇ ಗುಡಿಸಿ ತೆಗೆಯಬಹುದು. ಇದೇ ಹೊತ್ತಿನಲ್ಲಿ ಬೋರ್ಡಿನ ಮೇಲಿನ ಕೆಪಾಸಿಟರುಗಳ ನೆತ್ತಿಯನ್ನೂ ನೋಡಬೇಕು: ಚಪ್ಪಟೆಯಾಗಿರಬೇಕಾದ ನೆತ್ತಿ ಇಡ್ಲಿಯಂತೆ ಉಬ್ಬಿದ್ದರೆ, ಅಥವಾ ಬುಡದಲ್ಲಿ ಕಂದು ಬಣ್ಣದ ಕಲೆಯಿದ್ದರೆ, ಅದರ ಕೆಲಸ ಮುಗಿದಿದೆ.

ಡಿಸ್ಕೂ ಇಲ್ಲ, ತಂತಿಗಳೂ ಇಲ್ಲ, ಅಡಾಪ್ಟರು ಹೊಸದು, ಆದರೂ ಚುಚ್ಚಿದ ಕೂಡಲೇ ಅಡಾಪ್ಟರಿನ ದೀಪ ಮಿನುಗತೊಡಗುತ್ತದೆ ಅಥವಾ ಆರಿಹೋಗುತ್ತದೆ ಎಂದಾದರೆ, ಬೋರ್ಡಿನ ಬಾಗಿಲಲ್ಲೇ ಶಾರ್ಟ್ ಆಗಿದೆ. ಅನೇಕ ಬೋರ್ಡುಗಳಲ್ಲಿ 12 ವೋಲ್ಟು ಒಳಬರುವ ಜಾಗದಲ್ಲೇ ಟಿವಿಎಸ್ ಡಯೋಡ್ ಎಂಬ ಒಂದು ಬಿಡಿಭಾಗ ಕಾವಲಿಗಿರುತ್ತದೆ. ಸ್ಕೂಟರಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಮಿತಿಮೀರಿದ ವೋಲ್ಟೇಜು ಬಂದಾಗ ಅದನ್ನು ತನ್ನ ಮೈಮೇಲೆ ಎಳೆದುಕೊಂಡು ನೆಲಕ್ಕೆ ಹರಿಸುವುದು ಅದರ ಕೆಲಸ, ಏಟು ಬಹಳ ಜೋರಾಗಿದ್ದರೆ ತಾನೇ ಶಾರ್ಟ್ ಆಗಿ ಸಾಯುತ್ತದೆ. ಅದು ಸತ್ತ ಬೋರ್ಡು ಪೂರ್ತಿ ಸತ್ತಂತೆಯೇ ಕಾಣುತ್ತದೆ, ವಾಸ್ತವದಲ್ಲಿ ಕೆಲವೇ ರೂಪಾಯಿಯ ಡಯೋಡು ಹೋಗಿರುತ್ತದೆ. ಮಲ್ಟಿಮೀಟರನ್ನು, ಎರಡು ತುದಿಗಳ ನಡುವೆ ವಿದ್ಯುತ್ತು ಹರಿಯುವ ದಾರಿಯಿದ್ದರೆ ಬೀಪ್ ಮಾಡುವ ಕಂಟಿನ್ಯುಟಿಗೆ ಇಟ್ಟು, ಪ್ಲಗ್ ಕಿತ್ತ ಸ್ಥಿತಿಯಲ್ಲಿ ಡಿವಿಆರಿನ ಪವರ್ ತೂತಿನ ನಡುವಿನ ಪಿನ್ನಿಗೂ ಹೊರಮೈಗೂ ಹಿಡಿದಾಗ ಒಂದೇ ಸಮನೆ ಬೀಪ್ ಬಂದರೆ ಅನುಮಾನ ಖಚಿತವಾಗುತ್ತದೆ. ಇಲ್ಲಿಂದ ಮುಂದೆ ಬೆಸುಗೆ ಬಲ್ಲವರ ಕೆಲಸ. ಎಸ್.ಪಿ. ರೋಡಿನ ಸುತ್ತಮುತ್ತ ಚಿಪ್ ಲೆವೆಲ್ ಸರ್ವೀಸ್ ಎಂಬ ಬೋರ್ಡು ಹಾಕಿಕೊಂಡ ಅಂಗಡಿಗಳಿಗೆ ಹೋದಾಗ, ಆನ್ ಆಗುತ್ತಿಲ್ಲ ಎನ್ನುವುದರ ಬದಲು, ಡಿಸ್ಕಿಲ್ಲದೆ ಇನ್‌ಪುಟ್ಟಿನಲ್ಲೇ ಶಾರ್ಟ್ ತೋರಿಸುತ್ತಿದೆ ಎಂದು ಹೇಳಿದರೆ, ಅವರು ನಿಮ್ಮೊಂದಿಗೆ ಆಡುವ ಮಾತಿನ ಧಾಟಿಯೂ ಹೇಳುವ ಬೆಲೆಯೂ ಬೇರೆಯಾಗುತ್ತದೆ.

ಲಾಂಛನ ತೋರಿಸಿ ಅಲ್ಲೇ ನಿಲ್ಲುವ ಅಥವಾ ಮತ್ತೆ ಮತ್ತೆ ಮೊದಲಿನಿಂದ ಏಳುವ ಡಿವಿಆರುಗಳದು ಇನ್ನೊಂದು ಬಗೆ. ಈ ಯಂತ್ರಗಳಲ್ಲಿ ವಾಚ್‌ಡಾಗ್ ಎಂಬ ಒಂದು ಗಡಿಯಾರವಿದ್ದು, ತಂತ್ರಾಂಶವು ನಿಗದಿತ ಹೊತ್ತಿಗೊಮ್ಮೆ ನಾನು ಎಚ್ಚರವಾಗಿದ್ದೇನೆ ಎಂದು ಅದಕ್ಕೆ ಹೇಳದೆ ಹೋದರೆ ಅದು ಇಡೀ ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತದೆ. ಕೆಟ್ಟ ಡಿಸ್ಕನ್ನು ಓದಲು ಹೆಣಗುತ್ತ ತಂತ್ರಾಂಶ ಸಿಕ್ಕಿಬಿದ್ದರೂ, ಫ್ಯಾನ್ ನಿಂತು ಪ್ರೊಸೆಸರ್ ಕಾದರೂ, ಡಿಸ್ಕು ತಿರುಗುವ ಹೊತ್ತಿಗೆ ವೋಲ್ಟೇಜು ಕುಸಿದರೂ ಹೊರಗೆ ಕಾಣುವ ಲಕ್ಷಣ ಒಂದೇ. ಡಿಸ್ಕು ಕಿತ್ತು, ಒಳ್ಳೆಯ ಅಡಾಪ್ಟರು ಹಾಕಿ, ಫ್ಯಾನು ಸರಿಯಾಗಿ ತಿರುಗುತ್ತಿದ್ದೂ ಇದು ನಿಲ್ಲದಿದ್ದರೆ, ಫ್ಲ್ಯಾಷ್ ಚಿಪ್ಪಿನಲ್ಲಿರುವ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್ ಕೆಟ್ಟಿರಬಹುದು. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋಗುವುದು ಇದಕ್ಕೆ ಸಾಮಾನ್ಯ ಕಾರಣ. ಬಲ್ಲವರು ಬೋರ್ಡಿನ ಸೀರಿಯಲ್ ಪಿನ್ನುಗಳಿಗೆ 3.3 ವೋಲ್ಟಿನ ಪರಿವರ್ತಕ ಸೇರಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್‌ಗಳ ವೇಗದಲ್ಲಿ, ಯಂತ್ರ ಏಳುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುವ ಸಾಲುಗಳನ್ನು ಕಂಪ್ಯೂಟರಿನ ಪರದೆಯಲ್ಲಿ ಓದುತ್ತಾರೆ. ಎಲ್ಲಿ ಆ ಮಾತು ನಿಲ್ಲುತ್ತದೋ ಅಲ್ಲಿ ದೋಷ. ಹೊರಗಿನಿಂದ ಹೋಲುವ ಬೇರೆ ಮಾದರಿಯ ಫರ್ಮ್‌ವೇರನ್ನು ಇದಕ್ಕೆ ತುಂಬಿದರೆ ಬದುಕುಳಿಯಬಹುದಾಗಿದ್ದ ಬೋರ್ಡೂ ಕೈಬಿಟ್ಟುಹೋಗುತ್ತದೆ. ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಈ ಎಲ್ಲದರ ನಡುವೆ ಕಳೆದ ವಾರದ ದೃಶ್ಯ ಬೇಕಾಗಿದೆ ಎಂಬ ಒತ್ತಡ ಬಂದರೆ ಎಚ್ಚರಿಕೆ ಇನ್ನಷ್ಟು ಬೇಕು. ಡಿವಿಆರಿನ ಡಿಸ್ಕನ್ನು ಕಂಪ್ಯೂಟರಿಗೆ ಹಚ್ಚಿದರೆ ವಿಂಡೋಸ್ ಅದನ್ನು ಗುರುತಿಸದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವುದು ಸಾಮಾನ್ಯ, ಏಕೆಂದರೆ ಅನೇಕ ತಯಾರಕರು ತಮ್ಮದೇ ಆದ ಬರವಣಿಗೆಯ ಕ್ರಮವನ್ನು ಬಳಸುತ್ತಾರೆ. ಆ ಪ್ರಶ್ನೆಗೆ ಬೇಡ ಎನ್ನಬೇಕು. ಬೇರೊಂದು ಡಿವಿಆರಿಗೆ ಹಾಕಿದರೂ ಅದು ಡಿಸ್ಕನ್ನು ಹೊಸದೆಂದು ತಿಳಿದು ಇನಿಷಿಯಲೈಸ್ ಮಾಡಲು, ಅಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸಿದ್ಧಪಡಿಸಲು, ಕೇಳಬಹುದು. ಅದಕ್ಕೂ ಅದೇ ಉತ್ತರ. ದೃಶ್ಯ ಪೊಲೀಸರಿಗೋ ನ್ಯಾಯಾಲಯಕ್ಕೋ ಬೇಕಾದುದಾಗಿದ್ದರೆ ಸ್ವಂತ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸುವುದು ವಾಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ನಿನಡಿ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದರಲ್ಲಿ ಸಾಧನದ ವಿವರವೂ ಕಡತದ ಬೆರಳಚ್ಚಿನಂತಿರುವ ಹ್ಯಾಷ್ ಮೌಲ್ಯವೂ ಇರಬೇಕು. ಯಾರು ಯಾರೋ ಬಿಚ್ಚಿ ಜೋಡಿಸಿದ ಡಿಸ್ಕಿಗೆ ಆ ಪತ್ರ ಬರೆಯುವುದು ಸುಲಭವಲ್ಲ. ಹೆಚ್ಚು ಜನ ಸೇರುವ ಅಂಗಡಿ, ಸಂಸ್ಥೆಗಳಾದರೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಕಾಯ್ದೆಯಂತೆ 30 ದಿನಗಳ ದೃಶ್ಯಗಳನ್ನು ಉಳಿಸಿಡುವ ಹೊಣೆಯೂ ಇದೆ, ಹೀಗಾಗಿ ಡಿವಿಆರ್ ಮಲಗಿದ ದಿನವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಡಾಪ್ಟರು ಬದಲಿಸಿದ ಎರಡೇ ತಿಂಗಳಿಗೆ ಮತ್ತೆ ಹೋದರೆ, ಡಿವಿಆರನ್ನು ಬಿಟ್ಟು ಗೋಡೆಯ ಕಡೆ ನೋಡಬೇಕು. ತ್ರೀ ಫೇಸ್ ಸಂಪರ್ಕವಿರುವ ಕಟ್ಟಡಗಳಲ್ಲಿ ನ್ಯೂಟ್ರಲ್ ತಂತಿ ಸಡಿಲವಾದರೆ, ಒಂದು ಫೇಸಿನಲ್ಲಿ ವೋಲ್ಟೇಜು ಇಳಿದು ಇನ್ನೊಂದರಲ್ಲಿ 230ನ್ನು ಮೀರಿ 400ರತ್ತ ಏರಬಹುದು. ಒಬ್ಬರ ಮನೆಯಲ್ಲಿ ದೀಪ ಮಂಕಾಗಿ, ಇನ್ನೊಬ್ಬರ ಮನೆಯಲ್ಲಿ ಅತಿ ಪ್ರಖರವಾಗಿ ಉರಿಯುತ್ತಿದ್ದರೆ ಇದೇ ಕಾರಣ. ಕಂಬದ ಕಡೆಯ ದೋಷವಾದರೆ ಬೆಸ್ಕಾಂನ 1912ಕ್ಕೆ ಹೇಳಬೇಕು, ಕಟ್ಟಡದೊಳಗಿನದಾದರೆ ಎಲೆಕ್ಟ್ರೀಷಿಯನ್ನಿಗೆ. ಕರೆಂಟು ಹೋಗಿ ಬರುವ ಕಾಟಕ್ಕೆ 12 ವೋಲ್ಟಿನ ಸಣ್ಣ ಯುಪಿಎಸ್ ಪರಿಹಾರವೇ, ಆದರೆ ಅದರ ಮೇಲೆ ಬರೆದ ಆಂಪಿಯರಿಗೂ ಹಾರ್ಡ್ ಡಿಸ್ಕಿನ ಮೊದಲ ಎಳೆತದ ಲೆಕ್ಕವನ್ನು ಹಾಕಲೇಬೇಕು; ವೈಫೈ ರೂಟರಿಗೆಂದು ಮಾರುವ 1 ಆಂಪಿಯರಿನವು ಇದಕ್ಕೆ ಸಾಲುವುದಿಲ್ಲ.

ನಮ್ಮ ಡಿವಿಆರ್ ಎದ್ದ ಮೇಲೆ ಪರದೆಯ ಮೂಲೆಯಲ್ಲಿ ಕಂಡ ದಿನಾಂಕ 2000ನೆಯ ಇಸವಿಯ ಜನವರಿ 1. ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಗುಂಡಿ ಬ್ಯಾಟರಿಯೊಂದಿರುತ್ತದೆ, ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ತೀರಿದ್ದರೆ ಡಿವಿಆರ್ ಏಳುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಅಂದಿನಿಂದ ದಾಖಲಾಗುವುದೆಲ್ಲ 2000ನೆಯ ಇಸವಿಯ ದೃಶ್ಯಗಳೆಂದು ಲೆಕ್ಕಕ್ಕೆ ಬಂದು, ಬೇಕಾದ ದಿನ ಹುಡುಕಿದರೆ ಸಿಗುವುದಿಲ್ಲ. ಮೆಟ್ಟಿಲಿನ ಕೆಳಗೆ ಬಗ್ಗಿ ಕೂತು ಬ್ಯಾಟರಿ ಬದಲಿಸಿ, ದಿನಾಂಕ ತಿದ್ದಿ, ಅಡಾಪ್ಟರನ್ನು ಡಿವಿಆರಿನ ಬೆನ್ನಿನಿಂದ ಇಳಿಸಿ ಪೆಟ್ಟಿಗೆಯ ಹೊರಗೆ ಮೊಳೆಗೆ ತೂಗುಹಾಕಿ, ಹತ್ತು ನಿಮಿಷದ ದೃಶ್ಯವನ್ನು ಹಿಂದಕ್ಕೆ ಓಡಿಸಿ ನೋಡಿ, ತಗಡಿನ ಬಾಗಿಲು ಹಾಕಿದೆ.